ಎರಡು ಮಿಣುಕಿನ ಒಪ್ಪಿಗೆ

ಗಂಡಸನ್ನು ಕೂತಲ್ಲಿ ಕೂರಗೊಡದ ವಾಕ್ಯಗಳು ಲೋಕದಲ್ಲಿ ಎರಡಿವೆ. ಒಂದು, "ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು" ಎಂಬ ಹೆಂಡತಿಯ ವಾಕ್ಯ. ಇನ್ನೊಂದು, "ಹೊಸ ಆವೃತ್ತಿ ಲಭ್ಯವಿದೆ" ಎಂಬ ಕಂಪ್ಯೂಟರಿನ ವಾಕ್ಯ. ಸರ್ವರ್ ಸಾಹೇಬರು ಮೊದಲನೆಯದು ಕಿವಿಗೆ ಬಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡುತ್ತಿದ್ದರು. ಎರಡನೆಯದು ಕಣ್ಣಿಗೆ ಬಿದ್ದರೆ ಊಟದ ತಟ್ಟೆ ಬಿಟ್ಟು ಒಳಗೆ ಓಡುತ್ತಿದ್ದರು. ಅವರ ಸಂಸಾರದ ಕಥೆ ಇಷ್ಟೇ ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಡುವೆ ಒಂದು ಮೊಬೈಲ್ ಕ್ಯಾಮೆರಾ ಬಂತು.

ಸಾಹೇಬರು ಎಂದರೆ ನಿಜವಾದ ಸಾಹೇಬರೇನಲ್ಲ. ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. (ನೋಡುವುದಷ್ಟೇ. ಒಮ್ಮೆ ಯಾರನ್ನೂ ಕೇಳದೆ ಅದನ್ನು ಅಪ್‌ಗ್ರೇಡ್ ಮಾಡಿ, ಲಾರಿಗಳೆಲ್ಲ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೇಟಿನಲ್ಲಿ ಸಾಲಾಗಿ ನಿಂತುಬಿಟ್ಟ ಮೇಲೆ, "ಇನ್ಮೇಲೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಬೇಡಿ" ಎಂದು ಮ್ಯಾನೇಜರು ಅಪ್ಪಣೆ ಮಾಡಿದ್ದರು.) ಸಾಹೇಬ ಎಂಬ ಬಿರುದನ್ನು ಕೊಟ್ಟವನು ಭಾಮೈದ. ಅವನು ಚುಡಾಯಿಸಲು ಕೊಟ್ಟದ್ದನ್ನು ಇವರು ಸನ್ಮಾನವೆಂದು ಸ್ವೀಕರಿಸಿದ್ದರು.

ಆಫೀಸಿನಲ್ಲಿ ಹೀಗೆ ಕೈ ಕಟ್ಟಿ ಕೂರಿಸಿದ್ದರಿಂದ ಸಾಹೇಬರ ಪ್ರತಿಭಾಪ್ರವಾಹ ಮನೆಯ ಕಡೆಗೆ ತಿರುಗಿತು. ಹಳೆಯ ಕಂಪ್ಯೂಟರೊಂದನ್ನು ತಂದು, ಅದರ ಹೊಟ್ಟೆ ಬಗೆದು, ಏನೇನೋ ತುಂಬಿಸಿ, ಮನೆಯಲ್ಲೇ ಒಂದು ಸರ್ವರನ್ನು ಪ್ರತಿಷ್ಠಾಪಿಸಿದರು. ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುತ್ತಿದ್ದದ್ದು ದೊಡ್ಡ ಕಿಟಕಿಯ ಸಣ್ಣ ಕೋಣೆಯೊಂದಕ್ಕೆ ಮಾತ್ರ. ಅದು ಸರ್ವರಿನದಾಯಿತು. ಬಿಸಿಲು ಸರ್ವರಿಗೆ ಆಗದು ಎಂದು ಕಿಟಕಿಗೆ ದಪ್ಪ ರಟ್ಟು ಬಡಿದರು. ಸೆಕೆಯೂ ಆಗದು ಎಂದು ಹಜಾರದ ಟೇಬಲ್ ಫ್ಯಾನನ್ನು ಎತ್ತಿಕೊಂಡು ಹೋಗಿ ಅದರ ಮುಂದಿಟ್ಟರು. ಆ ಕಿಟಕಿಯ ಕೆಳಗೆ ಕೂತು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದ ಹೆಂಡತಿಯ ಯಂತ್ರ ಮಾತ್ರ ಅಡುಗೆಮನೆಗೆ, ಒಲೆಗೂ ಫ್ರಿಜ್ಜಿಗೂ ನಡುವಿನ ಸಂದಿಗೆ ವರ್ಗವಾಯಿತು. ಈರುಳ್ಳಿ ವಾಸನೆ ಹತ್ತಿದ ಅಂಗಿಗಳನ್ನು ಗಿರಾಕಿಗಳು ಮೂಗು ಮುರಿಯುತ್ತಲೇ ಒಯ್ದರು. ಕೆಲವರು ಮತ್ತೆ ಬರಲಿಲ್ಲ.

"ಸೂಜಿಗೆ ದಾರ ಪೋಣಿಸೋಕೂ ಬೆಳಕು ಸಾಲ್ದು ಕಣ್ರೀ. ಆ ಕೋಣೆ ನಂಗೆ ವಾಪಸ್ ಕೊಡಿ."

"ಆ ಕೋಣೆಯಲ್ಲಿ ನಮ್ಮ ಮನೆಯ ಡೇಟಾ ಇದೆ."

"ನಮ್ಮ ಮನೇಲಿ ಅದೆಲ್ಲಿದೆ? ನೀವು, ನಾನು, ಒಂದು ಫ್ರಿಜ್ಜು."

ಮಾತು ನ್ಯಾಯವಾದದ್ದೇ. ಕಣಜ ಕಟ್ಟಿಯಾಗಿತ್ತು, ತುಂಬಲು ಕಾಳಿರಲಿಲ್ಲ. ಇದರಿಂದ ಬೇರೆ ಯಾರಾದರೂ ಕಣಜ ಬೇಡ ಎಂದು ತೀರ್ಮಾನಿಸುತ್ತಿದ್ದರು. ಸಾಹೇಬರು ಕಾಳು ಬೆಳೆಯಲು ಹೊರಟರು.

ಪರದೆ ಒಡೆದ ಹಳೆಯ ಮೊಬೈಲೊಂದನ್ನು ಸಾಬೂನು ಡಬ್ಬಿಯಲ್ಲಿ ಕೂರಿಸಿ, ಡಬ್ಬಿಗೆ ತೂತು ಕೊರೆದು, ಮುಂಬಾಗಿಲಿನ ಇಣುಕುಗಾಜನ್ನು ಕಿತ್ತು ಕ್ಯಾಮೆರಾದ ಮುಂದೆ ಅಂಟಿಸಿ, ಎರಡು ರಬ್ಬರ್ ಬ್ಯಾಂಡ್ ಬಿಗಿದು ಫ್ರಿಜ್ಜಿನ ಮೇಲಿಟ್ಟರು. ಇಡೀ ಅಡುಗೆಮನೆ ಒಂದೇ ನೋಟಕ್ಕೆ ಸಿಕ್ಕಿತು, ಚಮಚದ ಬೆನ್ನಿನಲ್ಲಿ ಕಂಡ ಹಾಗೆ. ಕಂಡದ್ದೆಲ್ಲ ಸರ್ವರಿನಲ್ಲಿ ಜಮೆಯಾಗತೊಡಗಿತು. ಮುಂಬಾಗಿಲಿನಲ್ಲಿ ಉಳಿದ ತೂತಿಗೆ ಹೆಂಡತಿ ಬಟ್ಟೆಚೂರು ತುರುಕಿದಳು.

"ಇನ್ಮೇಲೆ ನಾನು ಆಫೀಸಿನಲ್ಲಿ ಕೂತೇ ಮನೆ ನೋಡ್ಕೋಬಹುದು" ಎಂದರು ಸಾಹೇಬರು. "ಒಲೆ ಮೇಲೆ ಹಾಲು ಉಕ್ಕಿದ್ರೂ ಅಲ್ಲಿಂದಲೇ ಕಾಣುತ್ತೆ."

"ಕಂಡು ಏನ್ಮಾಡ್ತೀರಿ? ಅಲ್ಲಿಂದಲೇ ಊದ್ತೀರಾ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಭಾನುವಾರ ಹಿಡಿಯಿತು. ಸಂಜೆ ಹೊತ್ತಿಗೆ, ಆಫೀಸಿನಿಂದ ಗುಂಡಿ ಒತ್ತಿದರೆ ಫ್ರಿಜ್ಜಿನ ಮೇಲಿನ ಮೊಬೈಲಿನ ಟಾರ್ಚು ಮಿಣುಕುವ ವ್ಯವಸ್ಥೆ ತಯಾರಾಯಿತು. ಒಮ್ಮೆ ಮಿಣುಕಿದರೆ 'ಉಹೂಂ', ಎರಡು ಸಲ ಮಿಣುಕಿದರೆ 'ಹೂಂ'. "ನೀನು ಇಲ್ಲಿ ಪಿಸುಗುಟ್ಟಿದ್ರೂ ನಂಗಲ್ಲಿ ಕೇಳುತ್ತೆ ಕಣೇ. ಒಂದು ಅಕ್ಷರ ತಪ್ಪೋದಿಲ್ಲ" ಎಂದು ಎದೆ ತಟ್ಟಿಕೊಂಡರು.

ಆಶ್ಚರ್ಯವೆಂದರೆ ಅದು ಕೆಲಸ ಮಾಡಿತು! ಮರುದಿನ ಹೆಂಡತಿ ಫ್ರಿಜ್ಜಿನ ಕಡೆ ಕತ್ತೆತ್ತಿ "ಏನ್ರೀ, ಸಕ್ಕರೆ ಮುಗಿದಿದೆ" ಎಂದಳು. ಟಾರ್ಚು ಎರಡು ಸಲ ಮಿಣುಕಿತು. ಸಂಜೆ ಸಕ್ಕರೆ ಬಂತು. ಆಕೆ ಚೀಲದ ಬಾಯಿ ಬಿಚ್ಚಿ, ಸಕ್ಕರೆಯೇ ಹೌದೆಂದು ಖಚಿತಪಡಿಸಿಕೊಂಡಳು. ಇದೇ ಮಾತನ್ನು ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಎರಡು ಸಲ, ಕೈತೊಳೆಯುವಾಗ ಒಂದು ಸಲ ಹೇಳಿದ್ದಳು. ಮೊಳದ ದೂರದಲ್ಲಿ ಕೂತರೆ ಕಿವುಡನಾಗುವ ಗಂಡ, ಊರಾಚೆ ಹೋದರೆ ಕೇಳಿಸಿಕೊಳ್ಳುತ್ತಾನೆ! ಅಂದಿನಿಂದ ಆಕೆ ಮುಖ್ಯ ವಿಷಯಗಳನ್ನೆಲ್ಲ ಫ್ರಿಜ್ಜಿಗೇ ಹೇಳತೊಡಗಿದಳು.

ಇಷ್ಟಕ್ಕೆ ಬಿಟ್ಟಿದ್ದರೆ ಸಾಹೇಬರು ಆದರ್ಶ ಪತಿ ಎನಿಸಿಕೊಂಡು ಬದುಕುತ್ತಿದ್ದರು. ಆದರೆ ಒಂದು ಬೆಳಿಗ್ಗೆ ಸರ್ವರಿನಲ್ಲಿ 'ಹೊಸ ಆವೃತ್ತಿ' ತಲೆ ಎತ್ತಿತು. 'ಹೆಚ್ಚು ಸುರಕ್ಷಿತ, ಹೆಚ್ಚು ಸುಂದರ' ಎಂದಿತ್ತು. ಚೆನ್ನಾಗಿ ಓಡುವ ಗಾಡಿಯ ಚಕ್ರ ಬಿಚ್ಚಿ ನೋಡದಿದ್ದರೆ ಅವರಿಗೆ ಊಟ ಸೇರದು. ಒತ್ತಿದರು. ಸರ್ವರ್ ಕಣ್ಣು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಕೊನೆಗೆ ಎದ್ದಾಗ ಬಣ್ಣ ಬದಲಾಗಿತ್ತು, ಅಕ್ಷರ ದುಂಡಗಾಗಿತ್ತು, ಗುಂಡಿಗಳು ಎಡದಿಂದ ಬಲಕ್ಕೆ ಹೋಗಿದ್ದವು. ಜೊತೆಗೆ ಧ್ವನಿ ಹೋಗಿತ್ತು. ಚಿತ್ರವಿದೆ, ಟಾರ್ಚಿದೆ, ಮಾತಿಲ್ಲ.

ಹಳೆಯ ಆವೃತ್ತಿಗೆ ಹಿಂದಿರುಗಲು ನೋಡಿದರು. ಆ ಬಾಗಿಲನ್ನು ಸಾಫ್ಟ್‌ವೇರ್ ಮಾಡಿದವರೇ ಮುಚ್ಚಿದ್ದರು. ಒಂದನ್ನು ಸರಿಪಡಿಸಲು ಇನ್ನೊಂದನ್ನು ಹಾಕಿದರು. ಅದು ಮೂರನೆಯದನ್ನು ಕೇಳಿತು. ಮೂರನೆಯದು ಮೊದಲನೆಯದನ್ನು ತೆಗೆ ಎಂದಿತು. ಇಂಗು ತಿಂದ ಮಂಗನಂತೆ ಕೂತ ಸಾಹೇಬರ ಮುಂದೆ ಎರಡು ದಾರಿಗಳಿದ್ದವು. "ನನ್ನಿಂದ ಕೆಟ್ಟಿತು, ಈಗ ಏನೂ ಕೇಳಿಸ್ತಿಲ್ಲ" ಎಂದು ಹೆಂಡತಿಗೆ ಹೇಳುವುದು, ಇಲ್ಲವೇ ಹೇಳದಿರುವುದು. ಅವರು ಗಂಡಸು. ಹೇಳಲಿಲ್ಲ.

ಮರುದಿನ ಆಫೀಸಿನಲ್ಲಿ, ಸಾಹೇಬರ ಮೊಬೈಲಿನ ಪರದೆಯ ಮೇಲೆ, ಹೆಂಡತಿ ಫ್ರಿಜ್ಜಿನತ್ತ ಮುಖವೆತ್ತಿ ಬಾಯಿ ಆಡಿಸಿದಳು. ಸಾಹೇಬರು ಗಳಿಗೆ ಯೋಚಿಸಿದರು. ಒಮ್ಮೆ ಮಿಣುಕಿಸಿದರೆ ಸಂಜೆ ಜಗಳ. ಎರಡು ಸಲ ಮಿಣುಕಿಸಿದರೆ ಶಾಂತಿ. ಎರಡು ಸಲ ಮಿಣುಕಿಸಿದರು. ಸಂಜೆ ಮನೆಗೆ ಹೋದರೆ ಜಗಳವಿಲ್ಲ! ಮಾರನೆಯ ದಿನವೂ ಹಾಗೆಯೇ. ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಆಕೆ ದಿನವೂ ಫ್ರಿಜ್ಜಿಗೆ ಹೇಳುವಳು, ಇವರು ಎರಡು ಸಲ ಮಿಣುಕಿಸುವರು, ಮನೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಸುಖ ದಾಂಪತ್ಯದ ರಹಸ್ಯವನ್ನು ಕಂಡುಹಿಡಿದ ಹೆಮ್ಮೆಯಲ್ಲಿ ಅವರು ಮ್ಯಾನೇಜರಿಗೂ ಉಪದೇಶ ಮಾಡಿದರು. "ಹೆಂಡತೀನ ನೋಡ್ತಿರಬೇಕು ಸಾರ್. ಕೇಳಿಸಿಕೊಳ್ಳೋಕೆ ಹೋಗಬಾರದು." ಮ್ಯಾನೇಜರು ಮೇಜಿನ ಫೈಲನ್ನು ಹತ್ತಿರ ಎಳೆದುಕೊಂಡರು. ಅವರ ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, 'ಧ್ವನಿಯ ದೋಷ ಸರಿಪಡಿಸಲಾಗಿದೆ' ಎಂಬ ಮತ್ತೊಂದು ಅಪ್‌ಗ್ರೇಡ್ ಬಂದಿತು. ಸಾಹೇಬರು ಆಫೀಸಿನಿಂದಲೇ ಅದನ್ನು ಮನೆಯ ಸರ್ವರಿಗೆ ಇಳಿಸಲು ಶುರುಮಾಡಿದರು. ಅರ್ಧ ಇಳಿದಿರಬೇಕು, ಹೆಂಡತಿ ಕ್ಯಾಮೆರಾದ ಮುಂದೆ ಬಂದು ನಿಂತಳು.

ಅವತ್ತು ಆಕೆ ಕೆಲಸ ಮಾಡುತ್ತಾ ಮಾತಾಡಲಿಲ್ಲ. ಒಲೆ ಆರಿಸಿದಳು, ಕೈ ಒರೆಸಿಕೊಂಡಳು, ಸ್ಟೂಲು ಎಳೆದು ಕೂತಳು. ನಿಧಾನವಾಗಿ, ಬಹಳ ಹೊತ್ತು ಮಾತಾಡಿದಳು. ಒಮ್ಮೆ ನಕ್ಕಳು. ಒಮ್ಮೆ ಹೊಲಿಗೆ ಯಂತ್ರದ ಕಡೆ ಕೈ ತೋರಿಸಿದಳು. ಕಣ್ಣು ಒರೆಸಿಕೊಂಡಳು. (ಈರುಳ್ಳಿ ಎಂದುಕೊಂಡರು ಸಾಹೇಬರು.) ಕೊನೆಗೆ ಏನೋ ಕೇಳಿ, ಕಣ್ಣು ಮಿಟುಕಿಸದೆ ಕಾದಳು. ಸಾಹೇಬರ ಗಮನ ಇನ್ನೂ ಇಳಿಯುತ್ತಿದ್ದ ಅಪ್‌ಗ್ರೇಡಿನ ಮೇಲಿತ್ತು. ಹೆಬ್ಬೆಟ್ಟು ತನ್ನಷ್ಟಕ್ಕೆ ತಾನೇ ಎರಡು ಸಲ ಒತ್ತಿತು.

ಸ್ವಲ್ಪ ಹೊತ್ತಿನಲ್ಲಿ ಚಿತ್ರ ಮಾಯವಾಯಿತು. ಸರ್ವರ್ ಉಸಿರಾಡಲಿಲ್ಲ.

ಸಾಹೇಬರ ಮಧ್ಯಾಹ್ನ ಹಾಳಾಯಿತು. ಕರೆದರು, ಗುಂಡಿ ಒತ್ತಿದರು, ಬೈದರು. ಕೊನೆಗೆ ಸಾಫ್ಟ್‌ವೇರ್ ಮಾಡಿದವರಿಗೇ ಒಂದು ಉಗ್ರ ಪತ್ರ ಕಳಿಸಿದರು. 'ನಿಮ್ಮ ಬೇಜವಾಬ್ದಾರಿ ಅಪ್‌ಗ್ರೇಡಿನಿಂದ ಒಂದು ಸುಸ್ಥಿತಿಯಲ್ಲಿದ್ದ ವ್ಯವಸ್ಥೆ ಸರ್ವನಾಶವಾಗಿದೆ' ಎಂದು ಶುರುವಾಗಿ ಮೂರು ಪುಟ ಹರಿದಿತ್ತು. ಅಲ್ಲಿಂದ ಒಂದೇ ಸಾಲಿನ ಉತ್ತರ ಬಂತು: 'ಯಂತ್ರಕ್ಕೆ ಕರೆಂಟ್ ಬರುತ್ತಿದೆಯೇ, ಪ್ಲಗ್ ನೋಡಿ.'

"ಪ್ಲಗ್ಗಂತೆ! ನನಗೆ ಪ್ಲಗ್ ಹೇಳಿಕೊಡ್ತಾರೆ!" ಎಂದು ಸಾಹೇಬರು ಹಲ್ಲು ಕಡಿದುಕೊಂಡೇ ಮನೆಗೆ ಹೊರಟರು.

ಬಾಗಿಲು ತೆರೆದರೆ, ಚಪ್ಪಲಿ ಗೂಡಿನ ಪಕ್ಕದಲ್ಲಿ, ಎರಡು ಜೊತೆ ಹಳೇ ಬೂಟುಗಳ ನಡುವೆ ಸರ್ವರ್ ಕೂತಿತ್ತು. ಅದರ ವೈರು ಅದರ ಕೊರಳಿಗೇ ಸುತ್ತಿತ್ತು. ಭಾಮೈದ ಹಜಾರದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

"ಬನ್ನಿ ಸಾಹೇಬ್ರೇ. ಏನು ಭಾರ ಭಾವ ಇದು! ಅಕ್ಕನ ಹೊಲಿಗೆ ಮಿಷನ್ನೇ ಹಗುರ."

ಸಣ್ಣ ಕೋಣೆಯ ಕಿಟಕಿಯ ರಟ್ಟು ಇರಲಿಲ್ಲ. ಸಂಜೆಯ ಬೆಳಕು ನೆಲದ ತುಂಬ ಬಿದ್ದಿತ್ತು. ಹೆಂಡತಿ ಯಂತ್ರದ ಮುಂದೆ ಕೂತು, ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿದಳು. ಟೇಬಲ್ ಫ್ಯಾನು ಅವಳ ಕಡೆ ತಿರುಗಿತ್ತು.

"ಯಾರನ್ನ ಕೇಳಿ ತೆಗೆದೆ?" ಎಂದು ಸಾಹೇಬರು ಗುಡುಗಿದರು.

"ನಿಮ್ಮನ್ನ ಕೇಳಿಯೇ. ಎರಡು ಸಲ ಮಿಣುಕಿಸಿದ್ರಲ್ಲ?"

"ನಾನಾ? ಈ ಕೋಣೆಗಾ? ಸಾಧ್ಯವೇ ಇಲ್ಲ!"

"ಕೇಳಿದ್ದು, ಒಪ್ಪಿದ್ದು, ಎಲ್ಲ ನಿಮ್ಮ ಸರ್ವರಲ್ಲೇ ಇದೆಯಲ್ರೀ. ಹಾಕಿ ನೋಡಿ."

"ಅದರಲ್ಲಿ ಏನಿದೆ ಮಣ್ಣು? ನೀನು ಏನು ಕೇಳಿದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿ? ಧ್ವನಿಯೇ ಇಲ್ಲ ಅದರಲ್ಲಿ!"

ಹೇಳಿದ ಮೇಲೆ ಸಾಹೇಬರು ಬಾಯಿ ಮುಚ್ಚಿಕೊಂಡರು. ತಡವಾಗಿತ್ತು. ಭಾಮೈದ ಗೋಡೆಯ ಕಡೆ ತಿರುಗಿ ಕೆಮ್ಮಿದ.

"ನಂಗೊತ್ತು" ಎಂದಳು ಹೆಂಡತಿ, ಬಟ್ಟೆಯಿಂದ ಕಣ್ಣೆತ್ತದೆ. "ಬಲ್ಬು ತನ್ನಿ ಅಂದೆ, ಮಿಣುಕಿಸಿದ್ರಿ, ಬರೀ ಕೈಲಿ ಬಂದ್ರಿ. ಅನುಮಾನ ಬಂತು. ಮಾರನೇ ದಿನ 'ಲೋಕದಲ್ಲಿ ಇಂಥ ಪೆದ್ದ ಅಂದ್ರೆ ನೀವೊಬ್ಬರೇನಾ' ಅಂತ ಕೇಳಿದೆ. ಎರಡು ಸಲ ಮಿಣುಕಿತು."

"ಹಾಗಾದ್ರೆ ಇಷ್ಟು ದಿನ ಯಾಕೆ ಮಾತಾಡ್ತಿದ್ದೆ?"

ಆಕೆ ದಾರವನ್ನು ಹಲ್ಲಿನಲ್ಲಿ ಕಡಿದಳು. "ಎದುರಿಗೆ ಹೇಳಿದ್ರೆ ಕೇಳಲ್ಲ, ಫ್ರಿಜ್ಜಿಗೆ ಹೇಳಿದ್ರೂ ಕೇಳಲ್ಲ. ಅಲ್ಲಾದ್ರೆ 'ಹೂಂ' ಆದ್ರೂ ಅಂತೀರಿ."

ಭಾಮೈದ ಚಪ್ಪಲಿ ಹಾಕಿಕೊಂಡು, "ಬರ್ತೀನಿ ಅಕ್ಕ" ಎಂದು ಜಾರಿಕೊಂಡ. ಸಾಹೇಬರು ಬಾಗಿಲ ಹತ್ತಿರ ನಿಂತೇ ಇದ್ದರು.

"ಇವತ್ತು ಬಹಳ ಹೊತ್ತು ಮಾತಾಡಿದೆಯಲ್ಲ" ಎಂದರು ಕೊನೆಗೆ, ಸ್ವರ ಇಳಿಸಿ. "ಕೋಣೆ ಕೇಳೋಕೆ ಅಷ್ಟು ಹೊತ್ತು ಬೇಕಾ? ಮಧ್ಯೆ ಕಣ್ಣು ಬೇರೆ ಒರೆಸಿಕೊಂಡೆ."

"ಕೋಣೆ ವಿಷಯ ಕೊನೆಗೆ ಕೇಳಿದ್ದು."

"ಮೊದಲು ಏನು ಹೇಳಿದೆ?"

"ಬೇರೆ ಏನೋ. ನಮ್ಮಿಬ್ಬರದು."

"ಏನದು? ಈಗ ಹೇಳು, ಕೇಳ್ತೀನಿ."

ಆಕೆ ಮೊದಲ ಸಲ ತಲೆಯೆತ್ತಿ ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ಸಾಹೇಬರಿಗೆ ಅಭ್ಯಾಸವಿತ್ತು.

"ಹೇಳಾಯ್ತಲ್ರೀ. ಒಂದು ಸಲ ಹೇಳೋಕೇ ಇಷ್ಟು ವರ್ಷ ಬೇಕಾಯ್ತು. ಇನ್ನೊಂದು ಸಲ ಆಗಲ್ಲ" ಎಂದು ಯಂತ್ರದ ಪೆಡಲು ತುಳಿದಳು. ಆಮೇಲೆ ಆ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಸಾಹೇಬರು ಚಪ್ಪಲಿ ಗೂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸರ್ವರಿನ ಕೊರಳಿಂದ ವೈರು ಬಿಡಿಸಿ, ಪ್ಲಗ್ ಹಾಕಿದರು. ಅದು ತಕ್ಷಣ ಎದ್ದಿತು. (ಪ್ಲಗ್ಗಿನ ಬಗ್ಗೆ ಸಾಫ್ಟ್‌ವೇರಿನವರು ಹೇಳಿದ್ದು ಸರಿಯೇ.) ಆ ಕಂಪನಿಯವರಿಗೆ ಮತ್ತೆ ಬರೆದರು, ಈ ಸಲ ಬೈಗುಳವಿಲ್ಲದೆ, 'ದಯವಿಟ್ಟು' ಎಂದು ಶುರುಮಾಡಿ. ಉತ್ತರವೂ ಮರ್ಯಾದೆಯಿಂದ ಬಂತು: 'ಹೊಸ ಆವೃತ್ತಿ ಹಾಕಿದರೆ ಇನ್ನು ಮುಂದೆ ಆಡುವ ಮಾತು ಕೇಳಿಸುತ್ತದೆ. ಈಗಾಗಲೇ ಆಡಿಹೋದದ್ದನ್ನು ಮರಳಿ ತರುವ ಉಪಾಯ ನಮ್ಮಲ್ಲಿಲ್ಲ.'

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕೈಯಲ್ಲಿ ಹರಿದ ಕೋಟು ಹಿಡಿದ ಹೆಂಗಸೊಬ್ಬಳು, ನೆಲದ ಮೇಲೆ ಬೂಟುಗಳ ನಡುವೆ ಕೂತಿದ್ದ ಸಾಹೇಬರನ್ನು ನೋಡಿ, "ಚಪ್ಪಲಿ ಇಲ್ಲೇ ಬಿಡ್ಬೇಕೇನಪ್ಪಾ? ಟೈಲರಮ್ಮ ಒಳಗಿದ್ದಾರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೆಳಕಿದ್ದ ಕೋಣೆಗೆ ನಡೆದಳು. ಒಳಗಿಂದ ಇಬ್ಬರು ಹೆಂಗಸರ ಮಾತು ಶುರುವಾಯಿತು. ಒಬ್ಬಳು ಹೇಳುತ್ತಿದ್ದಳು, ಇನ್ನೊಬ್ಬಳು ಕೇಳುತ್ತಿದ್ದಳು.

ಸಾಹೇಬರು ಮಧ್ಯಾಹ್ನದ ದೃಶ್ಯವನ್ನು ಹಾಕಿದರು. ಚಮಚದ ಬೆನ್ನಿನಲ್ಲಿ ಕಂಡಂತೆ ಉಬ್ಬಿದ ಮುಖ. ನಿಧಾನವಾಗಿ ಆಡುವ ತುಟಿ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ತಮ್ಮ ತುಟಿಗಳನ್ನೂ ಹಾಗೇ ಆಡಿಸಿ ನೋಡಿದರು. ಮತ್ತೆ ಮತ್ತೆ ನೋಡಿದ ಮೇಲೆ ಮೊದಲನೆಯ ಪದ ಒಂದು ಹಿಡಿತಕ್ಕೆ ಸಿಕ್ಕಿತು, ಅನುಮಾನವೇ ಇಲ್ಲ: 'ಏನ್ರೀ'.

ಅದರ ಮುಂದಿನದು ಒಂದೂ ತಿಳಿಯಲಿಲ್ಲ.