ಹಲೋ ಎಂಬ ನಾಯಿಮರಿಗೆ ಮನೆ ಹುಡುಕಿದ್ದು

ಊರಿನವರಿಗೆಲ್ಲ ಗಂಡು ಹೆಣ್ಣು ಕೂಡಿಸಿ, ತಮ್ಮ ಮನೆಯಲ್ಲಿ ಮಾತ್ರ ಒಬ್ಬರೇ ಕೂತು ಉಣ್ಣುವ ಜನ ಎಲ್ಲ ಕಡೆಯೂ ಇರುತ್ತಾರೆ. ಹಿರಿಯೂರಿನಲ್ಲಿ ಆ ಸ್ಥಾನ ನನ್ನದಾಗಿತ್ತು. ವ್ಯತ್ಯಾಸ ಇಷ್ಟೇ, ನಾನು ಕೂಡಿಸುತ್ತಿದ್ದದ್ದು ಬೀದಿಯಲ್ಲಿ ಬಿದ್ದ ನಾಯಿಮರಿಗಳನ್ನು ಮತ್ತು ಅವನ್ನು ಸಾಕಬಲ್ಲ ಮನೆಗಳನ್ನು. ಇದನ್ನು ಸಮಾಜಸೇವೆ ಎಂದು ನೀವು ಹೊಗಳಿದರೆ ನನ್ನ ಅಭ್ಯಂತರವೇನಿಲ್ಲ. ನನ್ನ ಮನೆಯ ಓನರು ಗೌರಮ್ಮನವರು ಮಾತ್ರ, "ಮಾಡಾಕೆ ಕೆಲ್ಸ ಇಲ್ಲದೋರು ಮಾಡೋ ಕೆಲ್ಸ" ಅನ್ನುತ್ತಿದ್ದರು.

ಕೆಲಸವೇನೋ ಇತ್ತು. ಎಪ್ಪತ್ತರ ದಶಕದ ಮಾತು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು ನಾನು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಇವರನ್ನು ಅವರಿಗೆ, ಅವರನ್ನು ಇವರಿಗೆ ಮಾತಾಡಿಸುವುದು. ದಿನವೆಲ್ಲ ಇಡೀ ಊರು ನನ್ನ ಕಿವಿಯಲ್ಲೇ ಮಾತಾಡುತ್ತಿತ್ತು, ನನ್ನ ಜೊತೆ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ. "ದಾವಣಗೆರೆ ಕೊಡ್ರಿ", "ಬೇಗ ಕೊಡ್ರಿ", ಮುಗಿಯಿತು. ಚಿತ್ರದುರ್ಗದಲ್ಲಿ ಅಣ್ಣನ ಮನೆ ಇತ್ತು, ಹಬ್ಬಕ್ಕೆ ಹೋಗುತ್ತಿದ್ದೆ. ಅತ್ತಿಗೆ ಕಾಫಿ ಲೋಟ ಕೈಗಿಡುವ ಮೊದಲೇ "ವಾಪಸು ಬಸ್ಸು ಎಷ್ಟೊತ್ತಿಗೆ?" ಎಂದು ಬಹಳ ಅಕ್ಕರೆಯಿಂದ ವಿಚಾರಿಸುತ್ತಿದ್ದಳು. ಹೀಗಾಗಿ ಬೇಗ ಬರುವ ಬಸ್ಸಿಗೇ ಬಂದುಬಿಡುತ್ತಿದ್ದೆ.

ಆದರೆ ಆಗ ಟ್ರಂಕ್ ಕಾಲ್ ಎಂಬುದೊಂದಿತ್ತಲ್ಲ, ಬುಕ್ ಮಾಡಿದವರು ಲೈನು ಸಿಗುವ ತನಕ ಕಾಯಬೇಕಿತ್ತು. ಕಾದೂ ಕಾದೂ ಬೇಸತ್ತವರು ನನಗೇ ಫೋನು ಮಾಡಿ "ಏನಾತ್ರಿ ನಮ್ಮ ದಾವಣಗೆರೆ?" ಎಂದು ರೇಗುತ್ತಿದ್ದರು. ನಾನು ದನಿಗೆ ಬೆಣ್ಣೆ ಸವರಿ, "ಲೈನು ಬಿಜಿ ಇದೆ ಸಾವ್ಕಾರ್ರೇ. ಅಂದಹಾಗೆ, ನಿಮಗೆ ನಾಯಿಮರಿ ಬೇಕಾ? ಒಳ್ಳೇ ಜಾತಿದು" ಅನ್ನುತ್ತಿದ್ದೆ. ಯಾವ ಜಾತಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಲೈನು ನನ್ನ ಕೈಯಲ್ಲಿತ್ತು! ಹೀಗೆ ಎಷ್ಟೋ ಮರಿಗಳು ಹಿರಿಯೂರಿನ ಅಂಗಡಿ, ಗೋಡೌನು, ತೋಟದ ಮನೆಗಳಿಗೆ ಸೇರಿದವು. ಸೇರಿದಷ್ಟೇ ವೇಗವಾಗಿ ವಾಪಸೂ ಬಂದವು. ನನ್ನ ತಾಪತ್ರಯ ಇದೇ ನೋಡಿ.

ಹಲೋ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಡಿಯ ಕೆಳಗೆ. ಕರೀ ಹೆಣ್ಣುಮರಿ, ಹಿಂಗಾಲಿಗೆ ಏನೋ ಬಡಿದು ಊದಿತ್ತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆ. ಹೆಸರನ್ನು ನಾನಾಗಿ ಇಡಲಿಲ್ಲ. ಕೆಲಸದ ಚಾಳಿಯಿಂದ ಬೀಗ ತೆಗೆದು ಒಳಗೆ ಹೋಗುವಾಗ ಬಾಯಿಗೆ ಬರುತ್ತಿದ್ದದ್ದೇ "ಹಲೋ", ಅದು ತನ್ನ ಹೆಸರೆಂದು ತಿಳಿದು ಕುಂಟುತ್ತ ಓಡಿ ಬರುತ್ತಿತ್ತು. ಇಷ್ಟು ವರ್ಷ ಲಕ್ಷಾಂತರ ಸಲ ಹಲೋ ಅಂದವಳ ಮುಂದೆ ಒಂದು ಜೀವ ಖುಷಿಯಿಂದ ಬಂದು ನಿಂತದ್ದು ಅದೇ ಮೊದಲು. ನಾನು ಕರಗಿಹೋದೆ. ಗೌರಮ್ಮನವರು ಕರಗಲಿಲ್ಲ. "ನೋಡಮ್ಮಾ, ಅಮಾಸೆ ತನಕ ಇಟ್ಕೋ. ಆಮೇಲೆ ನಾಯಿ ಇದ್ರೆ ನೀನಿಲ್ಲ, ನೀನಿದ್ರೆ ನಾಯಿ ಇಲ್ಲ" ಎಂದರು. ಬೀದಿಗೆ ಬಿಡೋಣವೆಂದರೆ ನಾಯಿ ಹಿಡಿಯುವ ಗಾಡಿ ಬರುತ್ತದೆಂದು ಊರಲ್ಲೆಲ್ಲ ಸುದ್ದಿ. ಕುಂಟುಮರಿ ಓಡಿ ತಪ್ಪಿಸಿಕೊಳ್ಳುವುದುಂಟೆ?

ಅಕ್ಕಿ ಗಿರಣಿ ಸಾಹುಕಾರರಿಗೆ ಕೊಟ್ಟೆ. ಒಪ್ಪಿಕೊಂಡರು, ಪಾಪ. ಮಾರನೇ ಸಂಜೆ "ಹೇಗಿದೆಯೋ ನೋಡಿ ಬರೋಣ" ಎಂದು ಬನ್ನು ಹಿಡಿದು ಹೋದೆ. ಅದರ ಮಾರನೆಯ ಸಂಜೆಯೂ ಹೋದೆ. ಮೂರನೆಯ ಸಲ ನಾನು ಮನೆಗೆ ಬರುವಷ್ಟರಲ್ಲಿ ಹಲೋ ಹಿಂದೆಯೇ ಬಂದಿತ್ತು. ಸಾಹುಕಾರರು ಫೋನಿನಲ್ಲಿ, "ಅಮ್ಮಾ, ಮಗಳನ್ನ ಕೊಟ್ಟ ತಾಯಿನೂ ಬೀಗರ ಮನೆಗೆ ಇಷ್ಟು ಸಲ ಬರಲ್ಲ ಕಣಮ್ಮ" ಎಂದು ಕೈಮುಗಿದರು. ಕೈಮುಗಿದದ್ದು ಕಾಣಲಿಲ್ಲ, ಕೇಳಿಸಿತು.

ಅಮಾವಾಸ್ಯೆ ಹತ್ತಿರ ಬಂದಾಗ ಟ್ರಂಕ್ ಲೈನಿಗೆ ಕಾಯುತ್ತಿದ್ದ ಉಣ್ಣೆ ವ್ಯಾಪಾರಿಯೊಬ್ಬರಿಗೆ ನನ್ನ ಗೋಳೆಲ್ಲ ಹೇಳಿದೆ. ಸಂತೆಯ ದಿನ ಅವರು ಹರಿಯಬ್ಬೆಯ ಕುರಿಗಾರ ಚಿತ್ತಪ್ಪನನ್ನು ಕಳಿಸಿದರು. ಅವನ ಹಳೇ ನಾಯಿ ಸತ್ತು, ಕುರಿಹಟ್ಟಿಯ ಸುತ್ತ ತೋಳ ಸುಳಿಯುತ್ತಿತ್ತಂತೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದವನು ಹೆಣ್ಣು ನೋಡಲು ಬಂದ ಹಿರಿಯನಂತೆ ಕುಕ್ಕರುಗಾಲಲ್ಲಿ ಕೂತು ಮರಿಯ ಬಾಯಿ ಬಿಡಿಸಿ ನೋಡಿದ, ಕಾಲು ಮುಟ್ಟಿ ನೋಡಿದ.

"ಕದ್ದು ತಿನ್ನೋ ಚಾಳಿ ಐತೇನ್ರಿ?"

"ಇಲ್ಲಪ್ಪ."

"ಒಂದೇ ಇರಾದು ರೂಢಿ ಐತಾ?"

"ಇದೆ," ಎಂದೆ. ಯಾರ ಬಗ್ಗೆ ಹೇಳಿದೆನೋ.

"ಕರೆದ್ರೆ ಬರ್ತೈತಾ?"

"ಬರ್ತದೆ."

"ಸರಿ ಬಿಡ್ರಿ. ಆದ್ರೆ ನಮ್ದೊಂದು ಮಾತೈತೆ. ಮುಂದಿನ ಉಣ್ಣೆ ಕತ್ರಿಸೋ ಗಂಟ ಕೊಟ್ಟೋರು ಮುಖ ತೋರಿಸಂಗಿಲ್ಲ, ದನಿನೂ ಕೇಳಿಸಂಗಿಲ್ಲ. ಅದು ಕುರಿ ಜತಿಗೆ ಮಲಗಿ ಕುರಿ ವಾಸ್ನೆ ಹತ್ತಿಸ್ಕಬೇಕು. ನೀವು ಬಂದ್ರೆ ಅದು ಹಟ್ಟಿ ಬಿಟ್ಟು ನಿಮ್ಮ ದಾರಿ ಕಾಯ್ತೈತೆ. ತೋಳ ಕುರಿ ಹೊತ್ಕಂಡು ಹೋಗ್ತೈತೆ."

ಒಪ್ಪಿದೆ. ಮರಿಯನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡು ಅವನು ಹೊರಟಾಗ ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ನನ್ನ ಜೀವಮಾನದಲ್ಲಿ ಹಲೋ ಅನ್ನದೆ ತಡೆದುಕೊಂಡದ್ದು ಅದೊಂದೇ ಸಲ.

ಆಮೇಲಿನ ತಿಂಗಳುಗಳ ವಿಷಯ ಏನು ಹೇಳಲಿ? ಬೀಗ ತೆಗೆದು "ಹಲೋ" ಎಂದರೆ ಪಾತ್ರೆಗಳು ಬರುತ್ತವೆಯೇ? ಎರಡು ಸಲ ಹರಿಯಬ್ಬೆ ಬಸ್ಸು ಹತ್ತಿ, ಎರಡು ಸಲವೂ ತೋಳ ನೆನಪಾಗಿ ಇಳಿದೆ. ಎರಡನೆಯ ಸಲ ಕಂಡಕ್ಟರು, "ಏನಮ್ಮಾ, ಹೋಗ್ತೀರೋ ಇಲ್ಲೋ?" ಎಂದು ಕೇಳಿದ. ಅತ್ತಿಗೆಯ ಪ್ರಶ್ನೆಗಿಂತ ಅದೇ ವಾಸಿ ಅನ್ನಿಸಿತು. ಬಹಳ ಬೇಜಾರಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಗೊಂದು ಸಂತೆಯ ದಿನ ಚಿತ್ತಪ್ಪ ಎಕ್ಸ್‌ಚೇಂಜಿನ ಕಿಟಕಿಯಲ್ಲಿ ತಲೆ ತೂರಿಸಿ, "ಉಣ್ಣೆ ಕತ್ರಿಸಿದ್ದಾತು ಅಮ್ಮಾರೆ. ಬರ್ರಿ, ನೋಡ್ಕಂಡು ಹೋಗ್ರಿ" ಎಂದ. ಭಾನುವಾರವೇ ಬನ್ನು ಕಟ್ಟಿಕೊಂಡು ಹೋದೆ. ಹಟ್ಟಿಯ ಬೇಲಿ ಪಕ್ಕ ನನ್ನ ಸೊಂಟದೆತ್ತರದ ಕರೀ ನಾಯಿ ನಿಂತಿತ್ತು, ಕುಂಟು ಗಿಂಟು ಏನೂ ಇಲ್ಲ. ಎಕ್ಸ್‌ಚೇಂಜಿನಲ್ಲೂ ಹೊರಡದಷ್ಟು ಇಂಪಾದ ದನಿಯಲ್ಲಿ "ಹಲೋ" ಅಂದೆ. ಅದು ಹಲ್ಲು ಕಿಸಿದು, ನಾನೇ ತೋಳವೇನೋ ಎಂಬಂತೆ ಬೊಗಳಿತು. ಬನ್ನು ಕೈಯಿಂದ ಬಿತ್ತು. ಅದನ್ನು ಮೂಸಿಯೂ ನೋಡಲಿಲ್ಲ.

ಚಿತ್ತಪ್ಪ ಹಿಗ್ಗಿ ಹೀರೇಕಾಯಿ ಆದ. "ನೋಡಿದ್ರಾ? ಈಗ ನಮ್ದಾತು! ಕೊಟ್ಟೋರನ್ನ ಬೊಗಳ್ತಂದ್ರೆ ಹಟ್ಟಿಗೆ ಹೊಂದ್ಕಂತು ಅಂತ್ಲೇ ಲೆಕ್ಕ." ಇಷ್ಟು ವರ್ಷದಲ್ಲಿ ನಾನು ಮಾಡಿದ್ದರಲ್ಲಿ ಪೂರಾ ಗೆದ್ದದ್ದು ಇದೊಂದೇ. ಸಂತೋಷದಿಂದ ನಕ್ಕೆ. ಕಣ್ಣಲ್ಲಿ ನೀರು ಬಂತು. ಧೂಳು ಎಂದೆ. ಧೂಳು ಹರಿಯಬ್ಬೆಯಲ್ಲಿ ಬೇಕಾದಷ್ಟಿತ್ತು, ಯಾರೂ ಅನುಮಾನ ಪಡಲಿಲ್ಲ.

ಅಷ್ಟರಲ್ಲಿ ಗುಡಿಸಲಿಂದ ಅವನ ಹೆಂಡತಿ ತಿಮ್ಮಕ್ಕ, "ಬರ್ರಿ, ಬಿಸಿ ಮುದ್ದೆ ಐತೆ" ಎಂದು ಕೂಗಿದಳು. ನಾಯಿಯೂ ನಾನೂ ಒಟ್ಟಿಗೇ ತಿರುಗಿದೆವು. ಬಾಗಿಲಿಗೆ ಮೊದಲು ತಲುಪಿದವಳು ನಾನು. ಹಿಂದಿನಿಂದ ಚಿತ್ತಪ್ಪ ಸಮಾಧಾನದ ದನಿಯಲ್ಲಿ, "ಪರ್ವಾಗಿಲ್ಲ, ಅಮ್ಮಾರು ಕರೆದ್ರೆ ಬರ್ತಾರೆ" ಎಂದ. ತಿಮ್ಮಕ್ಕ ಇನ್ನರ್ಧ ಮುದ್ದೆ ಇಕ್ಕಿ, "ಬಸ್ಸು ಹೋದ್ರೆ ಹೋಗ್ಲಿ ಬಿಡ್ರಿ, ಸಾವ್ಕಾಶ ಉಣ್ರಿ" ಎಂದಳು. ಬಸ್ಸಿನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಅದುವರೆಗೆ ನಾನು ಕೇಳಿರಲಿಲ್ಲ.

ಬಿಟ್ಟು ಬಂದಲ್ಲಿ ನಿಲ್ಲದೆ, ಅನ್ನ ಹಾಕಿದವರ ಬಾಗಿಲಿಗೆ ವಾಪಸು ಓಡಿ ಬರುವ ಮರಿಗಳನ್ನು ನಾನು ಎಷ್ಟು ಬೈದಿದ್ದೇನೋ. ಮುಂದಿನ ಭಾನುವಾರ ನನ್ನನ್ನು ಯಾರೂ ಕರೆದಿರಲಿಲ್ಲ. ಹರಿಯಬ್ಬೆ ಬಸ್ಸಿನಲ್ಲಿ ಕಂಡಕ್ಟರು "ಈ ಸಲನೂ ಇಳಿಯಲ್ಲ ತಾನೇ?" ಎಂದು ಕೇಳಿದ. ಕಿಟಕಿ ಪಕ್ಕದ ಸೀಟನ್ನು ಗಟ್ಟಿಯಾಗಿ ಹಿಡಿದು ಕೂತೆ.