ಹತ್ತರ ಅಚ್ಚು

ನಾಲ್ಕು ದಿನದಿಂದ ತುಟಿ ಬಿಚ್ಚದೆ ಮಲಗಿದ್ದ ಅಪ್ಪ ಐದನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟು, "ಒಂದು ಚುರುಟು ಕೊಡ್ರೋ" ಅಂದುಬಿಟ್ಟರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಡಾಕ್ಟರು ಹಿಂದಿನ ಸಂಜೆಯೇ "ಇನ್ನು ಪಥ್ಯಗಿಥ್ಯ ಏನೂ ಬೇಡ, ಕೇಳಿದ್ದು ಕೊಡಿ" ಎಂದು ಹೇಳಿ ಹೋಗಿದ್ದರು. ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗ ಎದ್ದುಬಿದ್ದು ಓಡಿದ. ಮನೆಮನೆ ತಿರುಗಿ ನೀರಿನ ಮೀಟರ್ ಓದುವ ಕೆಲಸದವನು. ಬೀದಿಯವರಿಗೆಲ್ಲ ಅವನು ಮೀಟರಣ್ಣ. ಮೂಲೆ ಅಂಗಡಿಯಲ್ಲಿ ಇದ್ದುದರಲ್ಲೇ ದುಬಾರಿಯ ಚುರುಟು ತಂದುಕೊಟ್ಟ. ಅಪ್ಪ ಅದನ್ನು ಮೂಸಿ, ಕಿವಿಯ ಹತ್ತಿರ ಹಿಸುಕಿ, ಗೋಡೆಗೆ ಎಸೆದರು.

"ಮಿಷಿನ್ನು ಸುತ್ತಿದ್ದು ಇದು. ಸಾಯೋವಾಗಲೂ ನನಗೆ ಕಸ ಸೇದಿಸ್ತೀಯೇನೋ?"

ಮೂವತ್ತೆರಡು ವರ್ಷ ಚುರುಟಿನ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿದ ಮನುಷ್ಯ. ಮರದ ಅಚ್ಚಿನಲ್ಲಿ ಒತ್ತಿ, ಕೈಯಲ್ಲಿ ಸುತ್ತಿದ್ದು ಬಿಟ್ಟರೆ ಬೇರೆ ಯಾವುದೂ ಅವರಿಗೆ ಚುರುಟೇ ಅಲ್ಲ. ಕಾರ್ಖಾನೆ ಮುಚ್ಚಿದ ದಿನ ತಂದಿಟ್ಟುಕೊಂಡ ಒಂದು ಕಟ್ಟು ಹೊಗೆಸೊಪ್ಪು ಮಂಚದ ಕೆಳಗಿನ ಟ್ರಂಕಿನಲ್ಲಿತ್ತು. ಅಚ್ಚು ಇರಲಿಲ್ಲ. ಅವರು ಮಗನನ್ನು ಜೀವಮಾನದಲ್ಲಿ ಏನೂ ಕೇಳಿದವರಲ್ಲ, ಅವನು ಮಾಡಿದ್ದರಲ್ಲಿ ಒಂದನ್ನಾದರೂ ಒಪ್ಪಿದವರೂ ಅಲ್ಲ. ಉಸಿರು ನಿಲ್ಲುವ ಮೊದಲು ಅಪ್ಪ ನಾಲ್ಕು ದಮ್ಮು ಎಳೆಯಲೇಬೇಕು ಎಂದು ಮೀಟರಣ್ಣ ಹಟ ಹಿಡಿದ.

ಗುಜರಿ ಅಂಗಡಿಯಲ್ಲಿ, ಕಾಲು ಮುರಿದ ಕುರ್ಚಿಗಳ ಅಡಿಯಲ್ಲಿ ಅಚ್ಚು ಸಿಕ್ಕಿತು. ಮೊಳದುದ್ದದ ಎರಡು ಹಲಗೆ. ಕೆಳಗಿನದರಲ್ಲಿ ಹತ್ತು ಗುಳಿ, ಮೇಲಿನದರಲ್ಲಿ ಅವುಗಳಿಗೆ ಸರಿಹೊಂದುವ ಇನ್ನೂ ಹತ್ತು.

"ಇದೇನು ಅಂತ ಗೊತ್ತೇನಯ್ಯಾ ನಿನಗೆ?"

"ಗೊತ್ತಿಲ್ಲಪ್ಪ. ಹತ್ತು ಇಲಿ ಸತ್ರೆ ಸಾಲಾಗಿ ಮಲಗಿಸೋಕೆ ಚೆನ್ನಾಗಿದೆ," ಎಂದ ಗುಜರಿಯವನು. ಆಮೇಲೆ ಮೀಟರಣ್ಣನ ಮುಖವನ್ನೊಮ್ಮೆ ದಿಟ್ಟಿಸಿ, "ಯಾಕೆ, ಮನೇಲಿ ಯಾರಿಗಾದ್ರೂ ಸೀರಿಯಸ್ಸಾ?" ಎಂದು ಕನಿಕರಿಸಿ, ಬೆಲೆ ದುಪ್ಪಟ್ಟು ಹೇಳಿದ.

ಸಾವು ಕಾಯುವ ಮನೆಗೆ ಜನ ಬರುತ್ತಾರೆ, ಬಂದವರಿಗೆ ಕೆಲಸವಿರುವುದಿಲ್ಲ. ಅಂಥವರ ಕೈಗೆ ಅಚ್ಚು ಸಿಕ್ಕಿತು. ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, "ಹುಳ ಬಿದ್ದಿದೆ ಕಣಯ್ಯಾ. ಬಿಸಿನೀರಿಗೆ ಹಾಕು, ಎಲ್ಲ ಸಾಯ್ತವೆ" ಎಂದರು.

"ಮರ ಉಬ್ಬಲ್ವಾ ಮೇಷ್ಟ್ರೇ?"

"ನಲವತ್ತು ವರ್ಷ ವಿಜ್ಞಾನ ಪಾಠ ಮಾಡಿದೋನಿಗೇ ಹೇಳಿಕೊಡ್ತೀಯಾ? ಹಾಕು ಅಂದ್ರೆ ಹಾಕು."

ಮರಕ್ಕೆ ವಿಜ್ಞಾನ ಗೊತ್ತಿರಲಿಲ್ಲ, ಉಬ್ಬಿತು. ಮೇಲಿನ ಹಲಗೆ ಕೆಳಗಿನದರ ಮೇಲೆ ಕೂರದೆ, ಮುನಿಸಿಕೊಂಡ ಅಳಿಯನ ಹಾಗೆ ಓರೆಯಾಗಿ ನಿಂತಿತು. ಆಗ ಮಹಡಿ ಮನೆಯಾಕೆ ಮುಂದೆ ಬಂದರು. ಆಕೆ ಮೆಟ್ಟಿಲಿಳಿದರೆ ಕೆಳಮನೆಯ ಪಾತ್ರೆಗಳಿಗೆಲ್ಲ ತಿಳಿಯುತ್ತಿತ್ತು. "ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ? ಒಲೆ ಮೇಲೆ ಹಿಡಿದರೆ ಐದೇ ನಿಮಿಷ" ಎಂದವರು, ಮೀಟರಣ್ಣ ಬೇಡ ಬೇಡ ಎನ್ನುವಷ್ಟರಲ್ಲಿ ಉರಿಗೆ ಹಿಡಿದೇಬಿಟ್ಟರು. ನೀರೇನೋ ಆರಿತು. ಜೊತೆಗೆ ಅಂಚೆಲ್ಲ ಕರಿಕಲಾಗಿ, ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

ಒಳಗೆ ಅಪ್ಪ ಕೆಮ್ಮುತ್ತಲೇ ಇದ್ದರು. ಅಕ್ಕ ಬಾಗಿಲಿಗೆ ಬಂದು, "ಲೋ, ಕಾಲು ತಣ್ಣಗಾಗ್ತಿದೆ ಕಣೋ. ಬೇಗ ಏನಾದ್ರೂ ಮಾಡೋ" ಎಂದಳು.

ಮೀಟರಣ್ಣ ಯಾರ ಮಾತಿಗೂ ಕಿವಿಗೊಡದೆ ನೆಲದ ಮೇಲೆ ಕೂತ. ಪೆನ್ಸಿಲಿಗೆ ಪಾಲಿಶ್ ಪೇಪರ್ ಸುತ್ತಿ ಒಂದೊಂದು ಗುಳಿಯನ್ನೂ ಉಜ್ಜಿದ, ಕರಿ ಕೆರೆದ, ಹುಳ ಕೊರೆದ ತೂತುಗಳಿಗೆ ಮೇಣ ತುಂಬಿದ. ಮಧ್ಯಾಹ್ನ ಕಳೆಯಿತು. ಅಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡಿಟ್ಟಿದ್ದ ಸೊಪ್ಪನ್ನು ಹತ್ತು ಪಾಲು ಮಾಡಿ, ಸುರುಳಿ ಸುತ್ತಿ, ಗುಳಿಗಳಲ್ಲಿ ಮಲಗಿಸಿ, ಮೇಲಿನ ಹಲಗೆ ಮುಚ್ಚಿದ. ಸರಿಯಾಗಿ ಕೂತಿತು! ಇನ್ನು ಅರ್ಧ ಗಂಟೆ ಬಿಗಿಯಾಗಿ ಒತ್ತಿ ಹಿಡಿಯಬೇಕು. ಕಾರ್ಖಾನೆಯಲ್ಲಿ ಅದಕ್ಕೆ ತಿರುಪಿನ ಯಂತ್ರವಿತ್ತು. ಇಲ್ಲಿ ಮಹಡಿ ಮನೆಯಾಕೆ ಇದ್ದರು.

"ನಾನು ಕೂತ್ಕೋತೀನಿ ಬಿಡಿ. ದೇವರು ಕೊಟ್ಟ ಭಾರ, ಒಂದು ದಿನ ಆದ್ರೂ ಉಪಯೋಗಕ್ಕೆ ಬರ್ಲಿ."

ಪಾಪ, ಕದಲದೆ ಇಪ್ಪತ್ತು ನಿಮಿಷ ಕೂತರು. ಮೇಷ್ಟ್ರು ಗಡಿಯಾರ ನೋಡುತ್ತಾ ನಿಮಿಷ ಎಣಿಸುತ್ತಿದ್ದರು. ಅಷ್ಟರಲ್ಲಿ ಒಳಗಿನ ಕೆಮ್ಮು ಗಕ್ಕನೆ ನಿಂತಿತು. "ಅಪ್ಪಾ!" ಎಂದು ಅಕ್ಕ ಚೀರಿದಳು. ಎಲ್ಲರೂ ದಡಬಡ ಎದ್ದರು, ಆಕೆಯೂ ಎದ್ದರು. ಮರುಗಳಿಗೆಯೇ ಕೆಮ್ಮು ಮತ್ತೆ ಶುರುವಾಯಿತು.

"ಅಬ್ಬಾ, ಇದ್ದಾರೆ!" ಎಂದು ಆಕೆ ನಿಟ್ಟುಸಿರು ಬಿಟ್ಟು, ದೊಪ್ಪನೆ ಕೂತರು. ಅಚ್ಚು ಲಟಕ್ಕೆಂದಿತು.

ಒಂಬತ್ತು ಗುಳಿ ಚೂರುಚೂರು. ಸೊಪ್ಪು ಪುಡಿಯಾಗಿ, ಪುಡಿಯ ತುಂಬ ಮರದ ಸಿಬಿರು ಸೇರಿತ್ತು. ಅದನ್ನು ಸೇದಿದರೆ ಕಾಯಿಲೆಗಿಂತ ಮೊದಲು ಸಿಬಿರೇ ಕೊಲ್ಲುತ್ತಿತ್ತು. ಮೀಟರಣ್ಣ ನಾಚಿಕೆ ಬಿಟ್ಟು, ಎಲ್ಲರೆದುರೇ ಗೊಳೋ ಎಂದು ಅತ್ತ. ಕಣ್ಣೊರೆಸಿಕೊಂಡು ನೋಡಿದರೆ, ಕೊನೆಯ ಗುಳಿಯಲ್ಲಿ ಒಂದೇ ಒಂದು ಸುರುಳಿ, ಕೂದಲೂ ಕೊಂಕದೆ, ಮಲಗಿತ್ತು. ಉಳಿದಿದ್ದ ಒಂದೇ ಇಡೀ ಎಲೆಯನ್ನು ಅದರ ಮೇಲೆ ಸುತ್ತಿ, ತುದಿಗೆ ಗೋಂದು ಹಚ್ಚಿದ. ಅಚ್ಚು ಮುರಿದದ್ದನ್ನು ಅಪ್ಪನಿಗೆ ಹೇಳಬಾರದು ಎಂದು ಎಲ್ಲರೂ ಮಾತಾಡಿಕೊಂಡರು. ಸಾಯುವವರಿಗೆ ಯಾಕೆ ಸಂಕಟ?

ಹೊತ್ತು ಮುಳುಗುತ್ತಿತ್ತು. ಅಪ್ಪ ಚುರುಟನ್ನು ಮೂಸಿದರು, ಕಿವಿಯ ಹತ್ತಿರ ಹಿಸುಕಿದರು. ಎಸೆಯಲಿಲ್ಲ.

"ಅಚ್ಚು ಎಲ್ಲಿ ಸಿಕ್ತು?"

"ಗುಜರೀಲಿ. ನಾನೇ ರಿಪೇರಿ ಮಾಡಿದೆ ಅಪ್ಪ."

"ಹತ್ತರದ್ದಾ?"

"ಹತ್ತರದ್ದೇ."

"ಹೂಂ. ಚಾಕು ತಾ."

ಸೇದುವ ಮುಂಚೆ ತುದಿ ಕತ್ತರಿಸಬೇಕಲ್ಲ, ಅಕ್ಕ ಓಡಿಹೋಗಿ ಚಾಕು ತಂದಳು. ಮೀಟರಣ್ಣ ಕಡ್ಡಿ ಗೀರಿ ಹಿಡಿದು ನಿಂತ.

ನಾಲ್ಕು ದಿನ ನೀರಿನ ಲೋಟ ಎತ್ತಲಾರದಿದ್ದ ಕೈ ಚಾಕು ಹಿಡಿದೊಡನೆ ಗಟ್ಟಿಯಾಯಿತು. ಅಪ್ಪ ಚುರುಟನ್ನು ಎದೆಯ ಮೇಲಿಟ್ಟುಕೊಂಡು, ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಸೀಳಿದರು. ಒಳಗಿನ ಸೊಪ್ಪನ್ನು ಬಿಡಿಸಿ, ಹರಡಿ, ಎಲ್ಲಾದರೂ ಗಂಟಿದೆಯೇ ಎಂದು ಬೆರಳಾಡಿಸಿದರು. ಆಮೇಲೆ ಎಲ್ಲವನ್ನೂ ಬಾಚಿ, ಮಂಚದ ಪಕ್ಕದಲ್ಲಿದ್ದ ಉಗುಳುವ ಬೋಗುಣಿಗೆ ಸುರಿದುಬಿಟ್ಟರು.

ಕಡ್ಡಿ ಉರಿದು ಮೀಟರಣ್ಣನ ಬೆರಳು ಸುಟ್ಟಿತು.

"ಅಪ್ಪಾ! ಇದೇನು ಮಾಡಿಬಿಟ್ರಿ!"

"ಒಂದು ಅಚ್ಚಿಗೆ ಒಂದು ಚುರುಟು ಕೊಯ್ದು ನೋಡಲೇಬೇಕು ಕಣೋ. ನೋಡದೆ ಪಾಸು ಮಾಡೋಕಾಗುತ್ತಾ?" ಎಂದು ಅಪ್ಪ ನಕ್ಕರು. ತಿಳಿವಳಿಕೆ ಬಂದಾಗಿನಿಂದ ಮಗ ಆ ನಗುವನ್ನು ತನ್ನ ಪಾಲಿಗೆ ಕಂಡದ್ದು ಅದೇ ಮೊದಲು. "ಚೆನ್ನಾಗಿ ಮಾಡಿದ್ದೀಯ ಮಗಾ. ಹುಡುಕಿದ್ರೂ ಒಂದು ತಪ್ಪಿಲ್ಲ."

ಮಹಡಿ ಮನೆಯಾಕೆ ಸದ್ದಿಲ್ಲದೆ ಬಾಗಿಲ ಕಡೆ ಸರಿದರು.

ಅಪ್ಪ ದಿಂಬಿಗೆ ಒರಗಿ, ಕೈ ಚಾಚಿದರು. "ಏನು ನೋಡ್ತಾ ನಿಂತೆ? ಹೋಗು, ಮಿಕ್ಕ ಒಂಬತ್ತು ತಗೊಂಡು ಬಾ. ಬೇಗ ಬಾರೋ, ನನಗೆ ಜಾಸ್ತಿ ಹೊತ್ತಿಲ್ಲ."