ಸತ್ಯಭಾಮಾ ಬೊಟ್ಟಿಟ್ಟ ಲಿನಕ್ಸ್

ಸಾರಕ್ಕಿಯ ಸಂಜೀವಯ್ಯನವರ ಪ್ರೆಸ್ಸಿನಲ್ಲಿ ಚಕ್ರಪಾಣಿಯವರು ಪೆನ್ ಡ್ರೈವನ್ನು ಗತ್ತಿನಿಂದ ಮೇಜಿನ ಮೇಲಿಟ್ಟು, "ಇದ್ರಲ್ಲಿ ಹಾಡಿನ ಪುಸ್ತಕ ಇದೆ. ಭಾನುವಾರ ಮದುವೆ. ಇವತ್ತೇ ಅಚ್ಚಿಗೆ ಹಾಕ್ಬಿಡಿ" ಎಂದರು.

ಸಂಜೀವಯ್ಯ ಪೆನ್ ಡ್ರೈವಿನ ಕಡೆ ನೋಡಲೇ ಇಲ್ಲ. ಚಕ್ರಪಾಣಿಯವರ ಮೂಗನ್ನೇ ನೋಡಿದರು. ವಿಸಿಟಿಂಗ್ ಕಾರ್ಡಿಗೆಂದು ಬಂದು ಕೂತಿದ್ದವರೂ ನೋಡಿದರು.

"ಸಾರ್, ಬೊಟ್ಟು ಸ್ವಲ್ಪ ಕೆಳಗಿಳಿದಿದೆ."

ಮುಟ್ಟಿಕೊಂಡರೆ, ಮೂಗಿನ ತುದಿಯಲ್ಲಿ ಕೆಂಪು ಸ್ಟಿಕ್ಕರ್ ಬೊಟ್ಟು! ಪುಟ್ಟೇನಹಳ್ಳಿಯಿಂದ ಸ್ಕೂಟರಿನಲ್ಲಿ ಇಡೀ ಜೆ.ಪಿ. ನಗರಕ್ಕೆ ದರ್ಶನ ಕೊಡುತ್ತ ಬಂದಿತ್ತು ಆ ಮೂಗು. (ಮುಖ ಮುಚ್ಚುವ ಹೆಲ್ಮೆಟ್ ಕೊಳ್ಳಿ ಎಂದು ಹೆಂಡತಿ ಹೇಳಿದ್ದು ಇದಕ್ಕೇ ಇರಬೇಕು.) ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಪೆನ್ ಡ್ರೈವ್ ತೆರೆದರೆ ಅದರಲ್ಲಿ ಹಾಡಿಲ್ಲ, ಹಸೆಯಿಲ್ಲ. ಒಂದು ನೀಲಿ ಬೆಟ್ಟದ ಚಿತ್ರವಿತ್ತು.

"ಇದನ್ನೇ ಹಾಕ್ಲಾ ಸಾರ್? ಇನ್ನು ಸ್ವಲ್ಪ ಹೊತ್ತಿಗೆ ಶಟರ್ ಎಳೀತೀನಿ."

ಆ ಬೊಟ್ಟಿಗೂ ಬೆಟ್ಟಕ್ಕೂ ಮೂಲ ಒಂದೇ: ಲಿನಕ್ಸ್. ಜಯನಗರದಲ್ಲಿ ಯಾರದೋ ಭಾಷಣ ಕೇಳಿ ಬಂದ ಚಕ್ರಪಾಣಿಯವರು ಕಾಸು ಕೊಟ್ಟು ಕೊಂಡಿದ್ದ ತಂತ್ರಾಂಶವನ್ನು ಕಿತ್ತು, ಪುಕ್ಕಟೆ ಸಿಗುವ ಈ ಲಿನಕ್ಸ್ ಹಾಕಿ, ಮನೆಯ ಕಂಪ್ಯೂಟರನ್ನು ಸಕಲ ಬಂಧನಗಳಿಂದ ವಿಮೋಚನೆಗೊಳಿಸಿದ್ದರು. "ಇದು ಯಾರಪ್ಪನ ಮನೆ ಆಸ್ತಿನೂ ಅಲ್ಲ ಕಣೇ ಸತ್ಯ! ಯಾರು ಬೇಕಾದ್ರೂ, ಹೇಗೆ ಬೇಕಾದ್ರೂ ಬದಲಾಯಿಸ್ಕೋಬಹುದು."

ಅವರ ಹೆಂಡತಿ ಸತ್ಯಭಾಮಾ ಗುರುತಿಗೆಂದು ತಮ್ಮದೇ ದಾರಿ ಕಂಡುಕೊಂಡರು. ಕನ್ನಡಿಗೆ ಅಂಟಿಸುವ ಹಾಗೆ ಮಾನಿಟರಿನ ಗಾಜಿಗೇ ಬೊಟ್ಟು ಅಂಟಿಸಿಬಿಟ್ಟರು. ಹಾಡುಗಳ ಫೋಲ್ಡರ್ ಇದ್ದಲ್ಲಿ ಕೆಂಪು, ಟೈಪ್ ಮಾಡುವುದಕ್ಕೆ ಹಸಿರು, ಕಂಪ್ಯೂಟರ್ ಆರಿಸುವುದಕ್ಕೆ ಕಪ್ಪು. ಆ ಬೊಟ್ಟುಗಳನ್ನೇ ನಂಬಿ, ಬಡಾವಣೆಯ ಅಜ್ಜಿಯರಿಂದ ಹೇಳಿಸಿಕೊಂಡ ಸಂಪ್ರದಾಯದ ಹಾಡುಗಳನ್ನೆಲ್ಲ ಕೂಡಿಹಾಕಿದ್ದರು. ತಂಗಿಯ ಮಗಳು ಅರ್ಪಿತಳ ಮದುವೆಯಲ್ಲಿ ತಾಂಬೂಲದ ಜೊತೆ ಹಂಚುವ ಪುಸ್ತಕ ಅದು.

"ಕಂಪ್ಯೂಟರಿಗೂ ಮುತ್ತೈದೆ ಭಾಗ್ಯ ಬಂತು ಬಿಡು" ಎಂದು ಚಕ್ರಪಾಣಿ ನಕ್ಕಿದ್ದರು.

ಇಂದು ಬೆಳಿಗ್ಗೆ ಲಿನಕ್ಸಿನ ಹೊಸ ವರ್ಷನ್ ಬಂತು. ಬಿಸಿ ಬಜ್ಜಿ ಕಂಡರೆ ಕೆಲವರಿಗೆ ತಡೆಯಲಾಗದ ಹಾಗೆ, ಹೊಸ ವರ್ಷನ್ ಕಂಡರೆ ಇವರಿಗೆ ತಡೆಯಲಾಗದು. ಹಾಕಿಯೇಬಿಟ್ಟರು. ಕೆಳಗಿದ್ದ ಪಟ್ಟಿ ಮೇಲಕ್ಕೆ ಹಾರಿತು. ಫೋಲ್ಡರುಗಳೆಲ್ಲ ಮಾಯ. ಕೆಂಪು ಬೊಟ್ಟಿನಡಿ ಗಡಿಯಾರ, ಹಸಿರಿನಡಿ ಕಸದ ಬುಟ್ಟಿ, ಕಪ್ಪಿನಡಿ ಪರದೆಯ ಹಿನ್ನೆಲೆ ಚಿತ್ರದ ಬರೀ ನೀಲಿ ಬೆಟ್ಟ!

"ರೀ, ನನ್ನ ಹಾಡು ಎಲ್ರೀ?"

"ಯಾರೋ ಎಲ್ಲಾ ಬದಲಾಯಿಸ್ಬಿಟ್ಟಿದಾರೆ ಕಣೇ."

"ಯಾರು ಬೇಕಾದ್ರೂ ಬದಲಾಯಿಸ್ಬಹುದು ಅಂತ ನೀವೇ ಹೇಳ್ತಿದ್ರಲ್ಲ?"

ಇಂಟರ್ನೆಟ್ಟಿನ ಲಿನಕ್ಸ್ ಬಳಗಕ್ಕೆ ಮೊರೆಯಿಟ್ಟರೆ, "ಇದು ದೋಷವಲ್ಲ, ಪ್ರಗತಿ. ಅಭ್ಯಾಸವಾಗುತ್ತದೆ" ಎಂಬ ಅಭಯವಾಣಿ ಬಂತು. ಚಕ್ರಪಾಣಿಯವರು ಅವರ ವಂಶವನ್ನೆಲ್ಲ ನೆನೆದು, ಕೆಂಪು ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ಹಿಂದೆ ಇಣುಕಿ, ಬೆವೆತ ಮೂಗನ್ನು ಅದೇ ಬೆರಳಿನಿಂದ ಒರೆಸಿಕೊಂಡು, ಹಾಡಿನದೇ ಇರಬೇಕೆಂದು ಕೈಗೆ ಸಿಕ್ಕ ಫೈಲೊಂದನ್ನು ಪೆನ್ ಡ್ರೈವಿಗೆ ತುಂಬಿ, ಹೆಂಡತಿ ಮೂರನೇ ಪ್ರಶ್ನೆ ಕೇಳುವ ಮುಂಚೆ ಸ್ಕೂಟರ್ ಹತ್ತಿದ್ದರು.

ಈಗ ಪ್ರೆಸ್ಸಿನಲ್ಲಿ ಮೂಗಿನ ಬೊಟ್ಟನ್ನು ಕಿತ್ತು ಕೈಗಡಿಯಾರದ ಗಾಜಿಗೆ ಅಂಟಿಸಿಕೊಂಡು, ದಾರಿಯುದ್ದಕ್ಕೂ ಕ್ಷಮಾಪಣೆ ಬಾಯಿಪಾಠ ಮಾಡುತ್ತ ಮನೆಗೆ ಬಂದರು.

"ಸತ್ಯ, ಹಳೇದನ್ನೇ ವಾಪಸ್ ಹಾಕ್ತೀನಿ. ಇನ್ನು ಜನ್ಮದಲ್ಲಿ..."

"ಏನೂ ಹಾಕ್ಬೇಡಿ. ಹಾಡು ಸಿಕ್ತು."

"ಎಲ್ಲಿತ್ತು?"

"ಒಳಗೇ ಇತ್ತು. ಡಬ್ಬಿ ಮುಚ್ಚಳ ತೆಗೆದು ನೋಡೋ ಹಾಗೆ ಒಂದೊಂದೇ ತೆಗೆದು ನೋಡ್ದೆ. ಬೈಕೊಂಡು ಕೂತಿದ್ರೆ ಸಿಗ್ತಿತ್ತಾ? ನನ್ನ ಕೆಂಪು ಬೊಟ್ಟು ಕೊಡಿ ಇಲ್ಲಿ."

ಚಕ್ರಪಾಣಿಯವರು ಬೊಟ್ಟು ಒಪ್ಪಿಸಿ, ಪೆನ್ ಡ್ರೈವಿಗೆ ಹಾಡು ತುಂಬಿಸಿಕೊಂಡು ಮತ್ತೆ ಸಾರಕ್ಕಿಗೆ ಓಡಿದರು. ಅರ್ಧಕ್ಕೆ ಇಳಿದಿದ್ದ ಶಟರಿನಡಿ ಬಗ್ಗಿ ನುಗ್ಗಿದಾಗ ಸಂಜೀವಯ್ಯ ಮೊದಲು ಮೂಗನ್ನು, ಆಮೇಲೆ ಫೈಲನ್ನು ಪರೀಕ್ಷಿಸಿ, "ಶನಿವಾರ ಬನ್ನಿ ಸಾರ್, ರೆಡಿ ಇರುತ್ತೆ" ಎಂದರು. ಆ ಮಾತು ಕೇಳಿದ ಮೇಲೆ ಸಾರಕ್ಕಿ ಜಂಕ್ಷನ್ನಿನ ಹೊಗೆಯೂ ಅವರಿಗೆ ತಂಗಾಳಿಯಂತೆ ಹಿತವಾಗಿತ್ತು.

ಮನೆಗೆ ಬಂದು ಕಾಫಿ ಲೋಟ ಹಿಡಿದು ಮಾನಿಟರಿನ ಮುಂದೆ ನಿಂತರು. ಬೊಟ್ಟುಗಳೆಲ್ಲ ಹೊಸ ಜಾಗಗಳಲ್ಲಿ ಸಂಸಾರ ಹೂಡಿದ್ದವು. ಆದರೆ ಬಲಗಡೆ ಮೇಲಿನ ಮೂಲೆಯಲ್ಲಿ, ಇಲ್ಲಿಯವರೆಗೆ ಇಲ್ಲದಿದ್ದ, ಎಂಟಾಣೆಯಷ್ಟು ಅಗಲದ ಮರೂನ್ ಬೊಟ್ಟೊಂದು ರಾರಾಜಿಸುತ್ತಿತ್ತು.

"ಇದ್ಯಾತಕ್ಕೆ ಇಷ್ಟು ದೊಡ್ಡದು?"

ಸತ್ಯಭಾಮಾ ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೇಳಿದರು:

"ಹೊಸ ವರ್ಷನ್ ಬಂದಿದೆ ಅಂತ ಅಲ್ಲೇ ತೋರ್ಸುತ್ತೆ. ನಿಮ್ಮ ಕಣ್ಣಿಗೆ ಬೀಳ್ದೆ ಇರ್ಲಿ ಅಂತ."